ತೂಬಿನ ಬಳಿ ನಿಂತವರು

ಕೇಳುಗರೇ, ನಮಸ್ಕಾರ.

ರೆಗ್ಯುಲೇಟರ್ ಎಂಬ ಮಾತು ಕೇಳದ ಮನೆ ಈಗ ಅಪರೂಪ. ಫ್ಯಾನಿಗೊಂದು, ಅಡುಗೆ ಅನಿಲದ ಸಿಲಿಂಡರಿಗೊಂದು. ಅದೇ ಮಾತು ಕಾನೂನಿನ ಕನ್ನಡದಲ್ಲಿ ವಿನಿಯಮವಾಗುತ್ತದೆ: ಶಾಸನಸಭೆ ಮಾಡಿದ್ದು ಅಧಿನಿಯಮ, ಅದರ ಅಡಿಯಲ್ಲಿ ಸರ್ಕಾರ ರಚಿಸುವುದು ನಿಯಮ, ವಿಶ್ವವಿದ್ಯಾಲಯ, ಆಯೋಗಗಳಂಥ ಸಂಸ್ಥೆಗಳು ರಚಿಸಿಕೊಳ್ಳುವುದು ವಿನಿಯಮ. ಜೀವಶಾಸ್ತ್ರದ ಪುಸ್ತಕದಲ್ಲಿ ಅದು ನಿಯಂತ್ರಣ. ನಮ್ಮ ಅಜ್ಜಿ ಒಲೆಯ ಮುಂದೆ ಕೂತು, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಸೌದೆಯನ್ನು ಹಿಂದಕ್ಕೆಳೆಯುತ್ತಿದ್ದರು. ಅವರ ಬಾಯಲ್ಲಿ ಅದು ಹದ. ಇಷ್ಟು ಪದಗಳಿಗೂ ಬೇರು ಒಂದೇ ಎಂದು ನನಗೆ ಅನ್ನಿಸಿದ್ದು ನಮ್ಮೂರಿನ ನೀರಗಂಟಿಯನ್ನು ನೆನೆದಾಗ.

ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹಿರಿಯರಿಗೆ ನೀರಗಂಟಿ ಯಾರೆಂದು ಹೇಳಬೇಕಾಗಿಲ್ಲ. ಕೆರೆಯ ತೂಬನ್ನು ತೆಗೆಯುವವರು, ಮುಚ್ಚುವವರು, ಕಾಲುವೆಯ ನೀರನ್ನು ಗದ್ದೆಯಿಂದ ಗದ್ದೆಗೆ ತಿರುಗಿಸುವವರು ಅವರು. ಎಷ್ಟೇ ದೊಡ್ಡ ಜಮೀನುದಾರನಾದರೂ ತೂಬಿಗೆ ತಾನೇ ಕೈಹಾಕುವಂತಿರಲಿಲ್ಲ. ಹೆಗಲ ಮೇಲೆ ಸನಿಕೆ ಹೊತ್ತು ಬೆಳಗಿನ ಜಾವ ಏರಿಯ ಮೇಲೆ ನಡೆಯುತ್ತಿದ್ದ ನಮ್ಮೂರಿನ ನೀರಗಂಟಿಯ ಹಿಂದೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅವರು ಮೊದಲು ನೋಡುತ್ತಿದ್ದುದು ತೂಬಿನ ಕಲ್ಲುಕಂಬದ ಮೇಲೆ ನೀರಿನ ಗುರುತು ಎಲ್ಲಿಗೆ ಇಳಿದಿದೆ ಎಂಬುದನ್ನು. ಆಮೇಲೆ ಅಚ್ಚುಕಟ್ಟಿನ ಕಟ್ಟಕಡೆಯ ಗದ್ದೆಯವರೆಗೆ ಹೋಗಿ, ಕೆಸರಿನಲ್ಲಿ ಕಾಲಿಟ್ಟು ಅದರ ತೇವ ನೋಡಿ ಬರುತ್ತಿದ್ದರು. ಬಿರಡೆಯನ್ನು ಎಷ್ಟು ಎತ್ತಬೇಕು ಎಂಬ ತೀರ್ಮಾನ ಅದಾದ ಮೇಲೆ. ಮಳೆ ಕಡಿಮೆಯಾದ ವರ್ಷ ಊರಿನ ಹಿರಿಯರು ಅವರನ್ನು ಕೂರಿಸಿಕೊಂಡು, ಈ ಬಾರಿ ಅಚ್ಚುಕಟ್ಟಿನಲ್ಲಿ ಇಷ್ಟು ಪಾಲಿಗೆ ಮಾತ್ರ ನಾಟಿ ಎಂದು ಗೊತ್ತುಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಧಾನ್ಯ ಹೋಗುತ್ತಿತ್ತು.

ನೀರಗಂಟಿಗಳಲ್ಲಿ ಬಹುಪಾಲು ದಲಿತರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ತಮ್ಮ ಬಾವಿಯನ್ನು ಮುಟ್ಟಗೊಡದ ಜನ ಇಡೀ ಕೆರೆಯ ನೀರನ್ನು ಹಂಚುವ ಕೆಲಸವನ್ನು ಅವರಿಗೇ ವಹಿಸಿದ್ದರು. ತಮಗೆ ಅಚ್ಚುಕಟ್ಟಿನಲ್ಲಿ ಗದ್ದೆಯಿಲ್ಲದ್ದರಿಂದ ಅವರು ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆ ಊರಿಗಿತ್ತು. ಆ ನಿಷ್ಪಕ್ಷಪಾತಕ್ಕೆ ಅವರು ತೆತ್ತ ಬೆಲೆಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅದೇ ಕೆರೆಗಳ ನಾಡಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ತೆರೆಯುತ್ತದೆ, ಮಟ್ಟ ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಂಬದ ಗುರುತು ನೋಡುವ ಕಣ್ಣು, ಬಿರಡೆ ಎತ್ತುವ ಕೈ ಎರಡೂ ಬಾಗಿಲಿನೊಳಗೇ ಸೇರಿಹೋದವು. ಸಿಲಿಂಡರಿನ ತಲೆಯ ಮೇಲೆ ಕೂರುವ ಪುಟ್ಟ ರೆಗ್ಯುಲೇಟರಿನದೂ ಇದೇ ಬಗೆ. ಅದರೊಳಗೆ ಒಂದು ಸ್ಪ್ರಿಂಗು, ಒಂದು ತೆಳು ಪೊರೆ. ಒಲೆಯ ಕಡೆ ಒತ್ತಡ ಹೆಚ್ಚಿದರೆ ಪೊರೆ ಮೇಲೆದ್ದು ದಾರಿಯನ್ನು ಕಿರಿದು ಮಾಡುತ್ತದೆ, ತಗ್ಗಿದರೆ ಅಗಲ ಮಾಡುತ್ತದೆ. ಸಿಲಿಂಡರಿನೊಳಗಿನ ಒತ್ತಡದ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಒತ್ತಡದಲ್ಲಿ ಅನಿಲ ಒಲೆಗೆ ಬರುತ್ತದೆ.

ಶರೀರದೊಳಗೂ ತೂಬುಗಳಿವೆ. ರಾಯಚೂರಿನಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದರೂ ನಮ್ಮ ಮೈಯ ಬಿಸಿ 37ರ ಆಸುಪಾಸಿನಲ್ಲೇ ಇರುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಬಿಸಿಯನ್ನು ಅಳೆಯುತ್ತಲೇ ಇದ್ದು, ಬೆವರನ್ನು ಬಿಡಿಸುತ್ತದೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರಿದರೆ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಸುರಿಸುತ್ತದೆ, ಉಪವಾಸದಲ್ಲಿ ಇಳಿದರೆ ಗ್ಲೂಕಗಾನ್. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1926ರಲ್ಲಿ ಈ ಏರ್ಪಾಡಿಗೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟರು. ಮಧುಮೇಹ ಇರುವವರು ಬೆರಳು ಚುಚ್ಚಿ ರಕ್ತ ನೋಡಿ, ಅದರಂತೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರಲ್ಲ, ಮೈ ಬಿಟ್ಟ ನೀರಗಂಟಿಕೆಯನ್ನು ಅವರು ತಾವೇ ವಹಿಸಿಕೊಂಡಿದ್ದಾರೆ.

ಇನ್ನು ಕಾನೂನು. ಕಂಪನಿ ಸರ್ಕಾರದ ಕಾಲದಲ್ಲಿ ಕಾನೂನಿಗೇ ರೆಗ್ಯುಲೇಷನ್ ಎಂದು ಹೆಸರಿತ್ತು. ಬಂಗಾಳದ 1829ರ 17ನೇ ರೆಗ್ಯುಲೇಷನ್ ಸತಿ ಪದ್ಧತಿಯನ್ನು ನಿಷೇಧಿಸಿತು. ಅದೇ ಬಂಗಾಳದ 1818ರ 3ನೇ ರೆಗ್ಯುಲೇಷನ್ ವಿಚಾರಣೆಯಿಲ್ಲದೆ ಜನರನ್ನು ಸೆರೆಯಲ್ಲಿಡಲು ದಾರಿ ಮಾಡಿಕೊಟ್ಟಿತು. 1907ರಲ್ಲಿ ಲಾಲಾ ಲಜಪತ ರಾಯ್ ಅವರನ್ನು ಬರ್ಮಾದ ಮಾಂಡಲೆಗೆ ಸಾಗಿಸಿದ್ದು ಅದರ ಬಲದಿಂದಲೇ.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಮೊಕದ್ದಮೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1948ರಲ್ಲಿ ಮಧ್ಯ ಪ್ರಾಂತ್ಯ ಮತ್ತು ಬೇರಾರಿನಲ್ಲಿ ಬೀಡಿ ತಯಾರಿಕೆಯ ವಿನಿಯಮನಕ್ಕೆಂದು ಒಂದು ಕಾಯ್ದೆ ಬಂತು. ಬೇಸಾಯದ ದಿನಗಳಲ್ಲಿ ಹೊಲಕ್ಕೆ ಆಳು ಸಿಗಲಿ ಎಂಬುದು ಅದರ ಉದ್ದೇಶ. ಈಗ ಮಧ್ಯಪ್ರದೇಶದಲ್ಲಿರುವ ಸಾಗರ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಕೆಲವು ಹಳ್ಳಿಗಳನ್ನು ಹೆಸರಿಸಿ, ಬೇಸಾಯದ ಕಾಲದಲ್ಲಿ ಅಲ್ಲಿ ಯಾರೂ ಬೀಡಿ ಕಟ್ಟಕೂಡದು ಎಂದು ಆದೇಶ ಹೊರಡಿಸಿದರು. ಒಬ್ಬ ಬೀಡಿ ಮಾಲೀಕರೂ ಒಬ್ಬ ಕೆಲಸಗಾರರೂ ಸುಪ್ರೀಂ ಕೋರ್ಟಿಗೆ ಹೋದರು. 1950ರ ನವೆಂಬರಿನಲ್ಲಿ, ಸಂವಿಧಾನಕ್ಕೆ ಇನ್ನೂ ವರ್ಷ ತುಂಬುವ ಮೊದಲೇ, ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರು ಬರೆದ ತೀರ್ಪು ಆ ನಿಷೇಧವನ್ನು ತಳ್ಳಿಹಾಕಿತು. ಹೊಲದಲ್ಲಿ ದುಡಿಯಲಾರದ ಮುದುಕರು, ಮೈಯಲ್ಲಿ ಬಲವಿಲ್ಲದವರು, ಮನೆಯಲ್ಲೇ ಕೂತು ಬೀಡಿ ಕಟ್ಟಿ ನಾಲ್ಕು ಕಾಸು ಕಾಣುತ್ತಿದ್ದ ಹೆಂಗಸರು, ಇವರನ್ನೆಲ್ಲ ಸುಮ್ಮನೆ ಕೂರಿಸಿದರೆ ಯಾವ ಹೊಲಕ್ಕೆ ಆಳು ಸಿಕ್ಕೀತು? ಹೆಸರು ವಿನಿಯಮನದ್ದು, ಮಾಡಿದ ಕೆಲಸ ತೂಬನ್ನೇ ಮುಚ್ಚಿದ್ದು. ಆದೇಶ ಬರೆದ ಕೈ ಕಟ್ಟಕಡೆಯ ಗದ್ದೆಯ ತೇವ ನೋಡಿ ಬಂದಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ನಮ್ಮ ಸೀಮೆಯಲ್ಲಿ ಈಗ ಬೇಸಾಯ ಕೊಳವೆಬಾವಿಯ ಮೇಲೆ ನಿಂತಿದೆ. ಅಂತರ್ಜಲದ ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ, ನಿಯಂತ್ರಣಕ್ಕೆಂದು ಕರ್ನಾಟಕದಲ್ಲಿ 2011ರ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಸಲು ಅದರಂತೆ ಅನುಮತಿ ಬೇಕು. ನಾನು ಅದನ್ನು ಮನಸಾರೆ ಬೆಂಬಲಿಸುತ್ತೇನೆ. ಆದರೆ ಬಂಡೆಯ ಬಿರುಕುಗಳಲ್ಲಿ ಉಳಿದ ನೀರು ಏರಿಯ ಮೇಲೆ ನಿಂತವರಿಗೆ ಕಾಣುವುದಿಲ್ಲ. ಅದನ್ನು ಊರೂರಲ್ಲೂ ಅಳೆದು, ಆ ಲೆಕ್ಕವನ್ನು ಊರಿನ ಮುಂದಿಟ್ಟು, ಈ ವರ್ಷ ಇಷ್ಟೇ ನಾಟಿ ಎನ್ನುವವರು ಬೇಕು. ಆ ಕೆಲಸಕ್ಕೆ ಸಂಬಳವೂ ಮರ್ಯಾದೆಯೂ ಎರಡೂ ಸಿಗಬೇಕು.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಕೆರೆಯ ಅಂಗಳದಲ್ಲಿ ಜಾಲಿ ಬೆಳೆದಿದೆ. ತೂಬಿನ ಎರಡು ಕಲ್ಲುಕಂಬಗಳು ಹಾಗೆಯೇ ನಿಂತಿವೆ. ಅವುಗಳ ಮೇಲೆ, ನನ್ನ ಎದೆಯ ಎತ್ತರಕ್ಕೆ, ಹಳೆಯ ನೀರಿನ ಗೆರೆಯೊಂದು ಇನ್ನೂ ಮಾಸಿಲ್ಲ.