ಒಂದು ಅರ್ಥಕ್ಕೆ ಎರಡು ಪದ ಯಾಕೆ?

ಕೇಳುಗರಿಗೆ ನಮಸ್ಕಾರ. ಸಂದರ್ಶನಕ್ಕೆ ಇಂಗ್ಲಿಷ್ ಮಾತು ತಿದ್ದಿಕೊಳ್ಳುತ್ತಿರುವವರು, ದಿನವಿಡೀ ಫೋನಿನಲ್ಲಿ ಇಂಗ್ಲಿಷ್ ಆಡುವವರು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿಮಗೆ ಹೇಳುವುದು ಒಂದೇ ಮಾತು: ಪದದ ಹೊಟ್ಟೆಯಲ್ಲಿರುವ ಅರ್ಥವನ್ನು ಅದರ ಬೆನ್ನಿಗೂ ಕಟ್ಟಬೇಡಿ.

'ರಿಟರ್ನ್ ಬ್ಯಾಕ್' ನೋಡಿ. 'ರಿ' ಎಂಬುದು ಲ್ಯಾಟಿನ್ ತುಣುಕು. ಹಿಂದಕ್ಕೆ, ಮತ್ತೆ ಎಂದು ಅದರ ಅರ್ಥ. 'ಹಿಂದಕ್ಕೆ ಹಿಂದಿರುಗಿದ' ಎಂದು ಕನ್ನಡದಲ್ಲಿ ಯಾರಾದರೂ ಅನ್ನುತ್ತಾರೆಯೇ? 'ರಿಪೀಟ್ ಅಗೇನ್', 'ರಿಪ್ಲೈ ಬ್ಯಾಕ್', 'ರಿವರ್ಟ್ ಬ್ಯಾಕ್' ಕೂಡ ಇದೇ ಜಾತಿ. ಈ ತಪ್ಪು ಹತ್ತುವುದು 'ಕಮ್ ಬ್ಯಾಕ್', 'ಗಿವ್ ಬ್ಯಾಕ್'ಗಳಿಂದ. 'ಕಮ್' ಎಂದರೆ ಬರೀ ಬಾ. ಹಿಂದಕ್ಕೆ ಎನ್ನಲು ಅದಕ್ಕೆ 'ಬ್ಯಾಕ್' ಬೇಕೇ ಬೇಕು. ಅದೇ ಬಾಲವನ್ನು ತಂದು 'ರಿಟರ್ನ್'ಗೂ ಅಂಟಿಸುತ್ತೇವೆ.

ಪರೀಕ್ಷೆ ಸುಲಭ. ವಾಕ್ಯ ಬರೆದುಕೊಳ್ಳಿ, ಅನುಮಾನದ ಪದವನ್ನು ಬೆರಳಿನಿಂದ ಮುಚ್ಚಿ, ಗಟ್ಟಿಯಾಗಿ ಓದಿ. ಅರ್ಥ ಕದಲಲಿಲ್ಲವೋ, ಆ ಪದ ಬೇಡ. ನಮ್ಮ 'ಬೇಗ ಬೇಗ'ದಲ್ಲಿ ಒಂದನ್ನು ಮುಚ್ಚಿದರೆ ಅವಸರವೇ ಇಳಿದುಹೋಗುತ್ತದೆ. ಅದು ದ್ವಿರುಕ್ತಿ, ದುಡಿಯುವ ಜೋಡಿ. 'ರಿಟರ್ನ್ ಬ್ಯಾಕ್' ಬರೀ ಪುನರುಕ್ತಿ.

ಇಂಗ್ಲಿಷರೇ ಜೋಡಿ ಪದ ಬಳಸುತ್ತಾರಲ್ಲ ಎನ್ನುವವರಿದ್ದಾರೆ. ಅದಕ್ಕೊಂದು ಸೊಗಸಾದ ಕಥೆಯಿದೆ, ಸ್ವಲ್ಪ ಉದ್ದವಾದರೂ ಹೇಳಲೇಬೇಕು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಳುವವರ ನುಡಿ ಫ್ರೆಂಚ್, ಜನರ ನುಡಿ ಇಂಗ್ಲಿಷ್, ದಾಖಲೆಗಳದ್ದು ಲ್ಯಾಟಿನ್. ವಕೀಲರು ಎರಡು ನುಡಿಗಳ ಪದಗಳನ್ನು ಪಕ್ಕಪಕ್ಕ ಇಟ್ಟು ಬರೆಯುವ ರೂಢಿ ಬೆಳೆಯಿತು. ಉಯಿಲಿಗೆ ಅವರು ಹೇಳುವ 'ವಿಲ್ ಆ್ಯಂಡ್ ಟೆಸ್ಟಮೆಂಟ್'ನಲ್ಲಿ 'ವಿಲ್' ಹಳೆಯ ಇಂಗ್ಲಿಷಿನದು, 'ಟೆಸ್ಟಮೆಂಟ್' ಲ್ಯಾಟಿನ್ನಿನದು. ಕೊನೆಗೆ 1362ರಲ್ಲಿ, ಮೂರನೇ ಎಡ್ವರ್ಡ್ ಕಾಲದಲ್ಲಿ, ಜನರಿಗೆ ಫ್ರೆಂಚ್ ತಿಳಿಯುವುದಿಲ್ಲ, ನ್ಯಾಯಾಲಯದಲ್ಲಿ ವಾದ ಇಂಗ್ಲಿಷಿನಲ್ಲೇ ನಡೆಯಲಿ ಎಂದು ಶಾಸನವಾಯಿತು. ತಮಾಷೆ ಎಂದರೆ, ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲಿ! ಅವರಿಗೆ ಎರಡು ನುಡಿಗಳ ತೊಡಕಿತ್ತು. ಕಾಫಿ ಕುಡಿಯುತ್ತಾ ಇಂಗ್ಲಿಷ್ ಆಡುವ ನಿಮಗೆ ಯಾವ ತೊಡಕು?

'ಈಚ್ ಆ್ಯಂಡ್ ಎವ್ರಿ'ಗೆ ಈ ನೆಪವೂ ಇಲ್ಲ. ಎರಡೂ ಅಚ್ಚ ಇಂಗ್ಲಿಷ್. 'ಎವ್ರಿ' ಹುಟ್ಟಿದ್ದೇ 'ಎವರ್' ಮತ್ತು 'ಈಚ್' ಕೂಡಿ. ಒಳಗೆ ಕೂತಿರುವ 'ಈಚ್'ನ ಮುಂದೆ ಇನ್ನೊಂದು 'ಈಚ್' ನಿಲ್ಲಿಸುತ್ತೀರಿ.

ಸಮಯ ಮುಗಿಯುತ್ತಾ ಬಂತು, ಉಳಿದವನ್ನು ಓಡಿಸುತ್ತೇನೆ. 'ಪಿನ್'ನ ಕೊನೆಯಲ್ಲಿರುವ 'ಎನ್' ಎಂದರೇ ನಂಬರ್, ಆದ್ದರಿಂದ 'ಪಿನ್ ನಂಬರ್' ಬೇಡ. 'ಎಟಿಎಂ'ನ 'ಎಂ' ಮೆಷಿನ್. 'ಎ.ಎಂ.' ಎಂದಮೇಲೆ 'ಇನ್ ದ ಮಾರ್ನಿಂಗ್' ಯಾಕೆ? 'ಡಿಸ್ಕಸ್' ಎಂದರೇ ಕುರಿತು ಮಾತಾಡುವುದು, 'ಅಬೌಟ್' ಬಿಡಿ. ಇನ್ನು ಆಮಂತ್ರಣದ 'ಪ್ಲೀಸ್ ಆರ್‌ಎಸ್‌ವಿಪಿ': ಆ ನಾಲ್ಕಕ್ಷರದ ಫ್ರೆಂಚಿನ ಅರ್ಥವೇ 'ದಯವಿಟ್ಟು ಉತ್ತರಿಸಿ', 'ದಯವಿಟ್ಟು' ಆಗಲೇ ಇದೆ, ಅತಿಥಿಯನ್ನು ಎರಡೆರಡು ಸಲ ಬೇಡಿಕೊಳ್ಳಬೇಕಿಲ್ಲ. ನಮಸ್ಕಾರ.