ಸೈಕಲ್ ಎಣಿಸುವಾಗ ನಾವು ಎಣಿಸುವುದೇನನ್ನು?

ಸ್ನೇಹಿತರೇ,

ಪ್ರೊಸೆಸರಿಗೆ ಕೊಡುವ ಹತ್ತಿಪ್ಪತ್ತು ಸೂಚನೆಗಳಷ್ಟೇ ಇರುವ ಸಣ್ಣ ಫಂಕ್ಷನ್ (ಪ್ರೋಗ್ರಾಮಿನ ಒಂದು ತುಣುಕು) ಒಂದರ ವೇಗವನ್ನು ಅಳೆಯಲು ಹೊರಟವರಿಗೆ ಸೆಕೆಂಡು ಮಾತ್ರವಲ್ಲ, ಮೈಕ್ರೊಸೆಕೆಂಡು ಕೂಡ ತೀರಾ ಒರಟಾದ ಅಳತೆ. 3 ಗಿಗಾಹರ್ಟ್ಸ್ ವೇಗದ ಪ್ರೊಸೆಸರ್ ಒಂದು ಮೈಕ್ರೊಸೆಕೆಂಡಿನಲ್ಲಿ 3,000 ಸೈಕಲ್, ಅಂದರೆ ತನ್ನ ಒಳಗಡಿಯಾರದ 3,000 ಮಿಡಿತ, ಮುಗಿಸಿರುತ್ತದೆ. ಆದ್ದರಿಂದಲೇ ಸೈಕಲ್‌ಗಳನ್ನೇ ನೇರವಾಗಿ ಎಣಿಸುವ ಆಸೆ ಹುಟ್ಟುತ್ತದೆ.

1993ರಲ್ಲಿ ಬಂದ ಇಂಟೆಲ್ ಪೆಂಟಿಯಂ ಈ ಆಸೆಯನ್ನು ಸುಲಭವಾಗಿ ಪೂರೈಸಿತು. ಪ್ರತಿ ಸೈಕಲ್‌ಗೆ ಒಂದರಂತೆ ಏರುವ 64 ಬಿಟ್‌ಗಳ ಟೈಮ್ ಸ್ಟ್ಯಾಂಪ್ ಕೌಂಟರ್ ಅದರಲ್ಲಿತ್ತು. ಅದನ್ನು ಓದಲು ಆರ್‌ಡಿಟಿಎಸ್‌ಸಿ ಎಂಬ ಸೂಚನೆಯಿತ್ತು. ಫಂಕ್ಷನ್ನಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಓದಿ ಕಳೆದರೆ ಉತ್ತರ ಸಿಗುತ್ತಿತ್ತು.

ಈ ಸರಳತೆ ಬಹುಕಾಲ ಉಳಿಯಲಿಲ್ಲ. 1995ರ ಪೆಂಟಿಯಂ ಪ್ರೊ ಸೂಚನೆಗಳನ್ನು ಬರೆದ ಕ್ರಮದಲ್ಲಿಯೇ ನಡೆಸದೆ, ಯಾವುದಕ್ಕೆ ಬೇಕಾದ ದತ್ತಾಂಶ ಸಿದ್ಧವಿದೆಯೋ ಅದನ್ನು ಮೊದಲು ನಡೆಸತೊಡಗಿತು. ಹಾಗಾಗಿ ಅಳೆಯಬೇಕಾದ ಕೆಲಸ ಮುಗಿಯುವ ಮೊದಲೇ ಕೌಂಟರ್ ಓದುವ ಸೂಚನೆ ನಡೆದುಹೋಗುವ ಸಾಧ್ಯತೆ ಬಂತು. ಅದನ್ನು ತಡೆಯಲು ಮೊದಲು ಸಿಪಿಯುಐಡಿ ಸೂಚನೆಯನ್ನು, ಹಿಂದಿನವು ಮುಗಿಯುವವರೆಗೆ ಮುಂದಿನದನ್ನು ತಡೆಯುವ ಬೇಲಿಯಂತೆ ಬಳಸಿದರು. ಇಂದು ಸಾಮಾನ್ಯವಾಗಿ ಎಲ್‌ಫೆನ್ಸ್ ಅಥವಾ ಆರ್‌ಡಿಟಿಎಸ್‌ಸಿಪಿ ಎಂಬ ಸೂಚನೆಗಳನ್ನು ಬಳಸುತ್ತಾರೆ.

ಇದಕ್ಕಿಂತ ಗಂಭೀರವಾದ ಬದಲಾವಣೆ ಇನ್ನೊಂದಿದೆ, ಮತ್ತು ಅನುಭವಿಗಳೂ ಇಲ್ಲಿಯೇ ಎಡವುತ್ತಾರೆ. ವಿದ್ಯುತ್ ಉಳಿಸಲು ವೇಗ ತಗ್ಗಿಸುವ, ಕೆಲಸ ಹೆಚ್ಚಿದಾಗ ಟರ್ಬೊ ವೇಗಕ್ಕೆ ಏರುವ ಪ್ರೊಸೆಸರ್‌ಗಳು ಬಂದ ಮೇಲೆ, ಕೌಂಟರ್ ಕೂಡ ಹಾಗೆಯೇ ಏರಿಳಿದರೆ ಅದನ್ನು ಗಡಿಯಾರವಾಗಿ ಬಳಸುವಂತಿಲ್ಲ. ಆದುದರಿಂದ ಈಗಿನ ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಅದು ಒಂದೇ ಸ್ಥಿರ ವೇಗದಲ್ಲಿ ಏರುತ್ತದೆ. ಕೌಂಟರ್ 3 ಗಿಗಾಹರ್ಟ್ಸ್‌ನಲ್ಲಿ ಎಣಿಸುತ್ತಿದ್ದು, ಕೋರ್ (ಪ್ರೊಸೆಸರಿನೊಳಗೆ ಸೂಚನೆಗಳನ್ನು ನಡೆಸುವ ಘಟಕ) 4.5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ ಎಂದುಕೊಳ್ಳಿ: ಕೌಂಟರ್ 2,000 ಎಂದು ತೋರಿಸುವಾಗ ಕೋರ್ ನಿಜವಾಗಿ 3,000 ಸೈಕಲ್ ವ್ಯಯಿಸಿರುತ್ತದೆ. ಅಂದರೆ ಇಂದು ಆರ್‌ಡಿಟಿಎಸ್‌ಸಿ ಅಳೆಯುವುದು ಸೈಕಲ್ಲನ್ನಲ್ಲ, ಕಾಲವನ್ನು. ಎಷ್ಟೋ ವರದಿಗಳು ಇಂಥ ಸಂಖ್ಯೆಯ ಮುಂದೆ ‘ಸೈಕಲ್’ ಎಂದೇ ಬರೆಯುವುದು ನನಗೆ ನಿಜಕ್ಕೂ ಕಳವಳದ ವಿಷಯ.

ನಿಜವಾದ ಸೈಕಲ್ ಬೇಕಿದ್ದರೆ ಪ್ರೊಸೆಸರಿನೊಳಗಿನ ಘಟನೆಗಳನ್ನು ಎಣಿಸುವ ಪರ್ಫಾರ್ಮೆನ್ಸ್ ಕೌಂಟರ್‌ಗಳನ್ನು ಓದಬೇಕು. ಲಿನಕ್ಸ್‌ನಲ್ಲಿ ಪರ್ಫ್ ಎಂಬ ಸಾಧನ ಈ ಕೆಲಸ ಮಾಡುತ್ತದೆ. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸವಂತೂ ಸೈಕಲ್, ಕಾಲ, ಮುಗಿದ ಸೂಚನೆ ಈ ಮೂರಕ್ಕೂ ಬೇರೆ ಬೇರೆ ಕೌಂಟರ್‌ಗಳನ್ನು ಹೆಸರಿಸಿ ಗೊಂದಲವನ್ನು ಬುಡದಲ್ಲಿಯೇ ನಿವಾರಿಸಿದೆ. ಮದರಾಸು ಐಐಟಿಯ ಶಕ್ತಿ ಪ್ರೊಸೆಸರ್‌ಗಳು ಇದೇ ವಿನ್ಯಾಸವನ್ನು ಅನುಸರಿಸುವುದರಿಂದ, ನಮ್ಮ ವಿದ್ಯಾರ್ಥಿಗಳು ಈ ಭೇದವನ್ನು ಅಲ್ಲಿಯೇ ಕಲಿಯಬಹುದು.

ಸರಿಯಾದ ಕೌಂಟರ್ ಹಿಡಿದ ಮೇಲೂ ಒಂದೇ ಒಂದು ಅಳತೆಯನ್ನು ನಂಬಬಾರದು. ಬೇಕಾದ ದತ್ತಾಂಶ ಕೋರ್‌ಗೆ ತೀರಾ ಹತ್ತಿರದ ಸಣ್ಣ ಸ್ಮೃತಿಯಾದ ಕ್ಯಾಶ್‌ನಲ್ಲಿದ್ದರೆ ನಾಲ್ಕೈದು ಸೈಕಲ್ ಸಾಕು; ಮುಖ್ಯ ಸ್ಮೃತಿಯಿಂದ ತರಬೇಕಾದರೆ ಇನ್ನೂರು ದಾಟಬಹುದು. ನಡುವೆ ಇಂಟರಪ್ಟ್ (ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಕರೆಯುವ ಅಡ್ಡಿ) ಬಂದರೆ ಸಾವಿರಾರು ಸೈಕಲ್ ಸೇರಿಕೊಳ್ಳುತ್ತವೆ. ಇಂಥ ಅಡಚಣೆಗಳು ಲೆಕ್ಕವನ್ನು ಹೆಚ್ಚಿಸುವುದೇ ವಿನಾ ಇಳಿಸುವುದು ತೀರಾ ವಿರಳವಾದ್ದರಿಂದ, ನಾನು ಸರಾಸರಿಯನ್ನು ಬದಿಗಿಟ್ಟು, ಪ್ರೋಗ್ರಾಮನ್ನು ಒಂದೇ ಕೋರ್‌ಗೆ ಕಟ್ಟಿಹಾಕಿ, ಸಾವಿರ ಸಲ ಅಳೆದು, ಕನಿಷ್ಠವನ್ನೂ ಮಧ್ಯಾಂಕವನ್ನೂ ಒಟ್ಟಿಗೆ ಬರೆದಿಡುತ್ತೇನೆ. ನಡುವೆ ಯಾವ ಫಂಕ್ಷನ್ನೂ ಇಲ್ಲದ ಖಾಲಿ ಅಳತೆಗೆ ತಗಲುವ ಸೈಕಲ್‌ಗಳನ್ನು ಅವುಗಳಿಂದ ಕಳೆಯುತ್ತೇನೆ. ಫಂಕ್ಷನ್ನಿನ ಫಲಿತಾಂಶವನ್ನು ಎಲ್ಲಿಯೂ ಬಳಸದಿದ್ದರೆ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಸೂಚನೆಗಳಾಗಿಸುವ ಸಾಧನ) ಆ ಫಂಕ್ಷನ್ನನ್ನೇ ಅಳಿಸಿಹಾಕಬಹುದಾದ್ದರಿಂದ, ಸಂಖ್ಯೆ ಅನುಮಾನ ಬರುವಷ್ಟು ಚಿಕ್ಕದಾಗಿ ಕಂಡಾಗ ಮೊದಲು ತೆರೆದು ನೋಡಬೇಕಾದದ್ದು ಆ ಸೂಚನೆಗಳ ಪಟ್ಟಿಯಾದ ಅಸೆಂಬ್ಲಿ ಕೋಡನ್ನು.