ಬೆಂಗಳೂರಿನ ಟೆಕ್ ಕಥೆ ಶುರುವಾಗಿದ್ದು ಆರ್ಮಿ ವೈರ್‌ಲೆಸ್‌ನಿಂದ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಜಗಳಕ್ಕೇ ಬಂದಿದೀನಿ ಅಂದ್ಕೊಳ್ಳಿ. ಬೆಂಗಳೂರು ಟೆಕ್ ಸಿಟಿ ಆಗಿದ್ದು ಹೇಗೆ ಅಂತ ಯಾರನ್ನಾದ್ರೂ ಕೇಳಿ, ಎಂಬತ್ತರ ದಶಕ, ಸಾಫ್ಟ್‌ವೇರ್ ಕಂಪನಿಗಳು, ಎಲೆಕ್ಟ್ರಾನಿಕ್ ಸಿಟಿ, ಇಷ್ಟೇ. ನಾನ್ ಹೇಳೋದೇನಂದ್ರೆ ಆ ಕಥೆನ ಜಾಲಹಳ್ಳಿಯಿಂದ ಶುರು ಮಾಡ್ಬೇಕು, ಅದ್ರಲ್ಲೂ ಸೈನ್ಯದಲ್ಲಿ ಫೋನ್, ವೈರ್‌ಲೆಸ್ ನೋಡ್ಕೊಳ್ಳೋ ಸಿಗ್ನಲ್ಸ್ ದಳನ (ಕಾರ್ಪ್ಸ್ ಆಫ್ ಸಿಗ್ನಲ್ಸ್) ಬಿಟ್ಟು ಹೇಳಿದ್ರೆ ಅದು ಅರ್ಧಂಬರ್ಧ ಕಥೆ.

ಕಾರ್ಪ್ಸ್ ಆಫ್ ಸಿಗ್ನಲ್ಸ್ ಅಂದ್ರೆ ನಮಗೆ ನೆನಪಾಗೋದು ರಿಪಬ್ಲಿಕ್ ಡೇ ದಿನ ಟಿವಿಲಿ ಬುಲೆಟ್ ಬೈಕ್ ಮೇಲೆ ಪಿರಮಿಡ್ ಕಟ್ತಾರಲ್ಲ, ಆ ಡೇರ್ ಡೆವಿಲ್ಸ್ ಟೀಮ್. ನಮ್ಮೂರಿನ ಟಾರ್ನೆಡೋಸ್ ಬೈಕ್ ಟೀಮ್ ಬೇರೆ, ಅದು ಸೈನ್ಯಕ್ಕೆ ರೇಷನ್, ಸಾಮಾನು ಸಾಗಿಸೋ ಎಎಸ್‌ಸಿಯವ್ರದ್ದು, ಕಾಮೆಂಟಲ್ಲಿ ಹೊಡೆದಾಡ್ಬೇಡಿ. ಸಿಗ್ನಲ್ಸ್‌ನವ್ರಿಗೆ ಬೈಕ್ ನಂಟು ಸುಮ್ನೆ ಬಂದಿದ್ದಲ್ಲ, ವೈರ್‌ಲೆಸ್ ಕೈಕೊಟ್ಟಾಗ, ಗುಟ್ಟಿನ ಕಾಗದ ತಲುಪಿಸ್ಬೇಕಾದಾಗ ಬೈಕ್ ಹತ್ತಿ ಓಡ್ತಿದ್ದಿದ್ದು ಡಿಸ್ಪ್ಯಾಚ್ ರೈಡರ್‌ಗಳೇ.

ದಳ ಹುಟ್ಟಿದ್ದು 1911ರ ಫೆಬ್ರವರಿ 15ಕ್ಕೆ, ಉತ್ತರ ಪ್ರದೇಶದ ಫತೇಗಢದಲ್ಲಿ, ಲೆಫ್ಟಿನೆಂಟ್ ಕರ್ನಲ್ ಪೊವೆಲ್ ಅನ್ನೋರ ಕೈಲಿ. ಅದಕ್ಕೂ ಮುಂಚೆ ಟೆಲಿಗ್ರಾಫ್ ಕೆಲಸ ಎಲ್ಲ ಸ್ಯಾಪರ್‌ಗಳ, ಅಂದ್ರೆ ಸೈನ್ಯದ ಇಂಜಿನಿಯರ್ ಪಡೆಯವ್ರ ತಲೆ ಮೇಲೇ ಇತ್ತು, ಅದೇ ನಮ್ಮ ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಥರದವ್ರು. 1912ರಲ್ಲಿ ಇಲ್ಲೇ ತಯಾರಾದ ಬ್ಯಾಂಗಲೋರ್ ಟಾರ್ಪಿಡೋ, ಅದೇ ಮುಳ್ಳುತಂತಿ ಬೇಲಿ ಸಿಡಿಸೋ ಉದ್ದ ಪೈಪ್ ಬಾಂಬ್ ಬಗ್ಗೆ ಎಲ್ರೂ ರೀಲ್ಸ್ ಮಾಡ್ತಾರೆ. ಸಿಡಿಯೋದಕ್ಕಿರೋ ಬೆಲೆ ಮಾತಾಡೋದಕ್ಕಿಲ್ಲ.

ಸಿಗ್ನಲ್ಸ್ ದಳದಲ್ಲಿ ಫೋನ್ ವೈರ್ ನೋಡ್ಕೊಳ್ಳೋ ಲೈನ್‌ಮನ್ ಕೆಲಸ ಹೆಂಗಿರುತ್ತೆ ಗೊತ್ತಾ? ಶೆಲ್ ಬಿದ್ದು ಫೀಲ್ಡ್ ಫೋನ್ ಡೆಡ್ ಆಗುತ್ತೆ, ಎಲ್ರೂ ಬಂಕರ್ ಒಳಗೆ ಓಡೋ ಹೊತ್ತಲ್ಲಿ ಇವ್ನು ಹೊರಗೆ ಹೋಗ್ಬೇಕು, ಟಾರ್ಚ್ ಹಾಕಂಗಿಲ್ಲ, ಕತ್ತಲಲ್ಲಿ ವೈರ್‌ನ ಅಂಗೈಯಲ್ಲಿ ಜಾರಿಸ್ಕೊಂಡು ನಡೀತಾ ಹೋಗ್ಬೇಕು, ಮಧ್ಯೆ ಮಧ್ಯೆ ನಿಂತು ತನ್ನ ಫೋನ್ ಕನೆಕ್ಟ್ ಮಾಡಿ ಎರಡೂ ಕಡೆ ರಿಂಗ್ ಕೊಟ್ಟು ಯಾವ ಕಡೆ ಕಟ್ ಆಗಿದೆ ನೋಡ್ಬೇಕು. ತುಂಡಾದ ತುದಿ ಕೈಗೆ ಸಿಕ್ತು ಅಂದ್ರೆ ಇನ್ನೊಂದು ತುದಿ ಹುಡುಕ್ಬೇಕು, ಸಿಪ್ಪೆ ಸುಲಿದು, ಗಂಟು ಹಾಕಿ, ಟೇಪ್ ಸುತ್ತಿ ಮತ್ತೆ ರಿಂಗ್. ವಾಪಸ್ ಬರೋಷ್ಟರಲ್ಲಿ ಇನ್ನೊಂದು ಕಡೆ ಕಟ್. ಸಿನಿಮಾದವ್ರಿಗೆ ಇದು ಯಾಕೆ ಕಾಣಲ್ವೋ.

1962ರ ಚೀನಾ ಯುದ್ಧದಲ್ಲಿ, ಈಗಿನ ಅರುಣಾಚಲದ ಗಡಿಯ ನಮ್ಕಾ ಚು ಕಣಿವೆಲಿ ಫೋನ್ ಲೈನ್ ಹೋದ್ರೆ ಏನಾಗುತ್ತೆ ಅಂತ ಗೊತ್ತಾಯ್ತು. ಅಕ್ಟೋಬರ್ 20ರ ಬೆಳಗ್ಗೆ ಚೀನಾದವ್ರು ಫೋನ್ ಲೈನ್‌ಗಳನ್ನೇ ಕತ್ತರಿಸಿಬಿಟ್ರು, ಬ್ರಿಗೇಡಿಯರ್ ದಳವಿ ಅವ್ರ ಬ್ರಿಗೇಡ್ ಚೂರುಚೂರಾಗಿ ಹೋಯ್ತು, ಅವ್ರೂ ಸೆರೆಯಾದ್ರು. ಲೈನ್ ಇದ್ದಿದ್ರೆ ಗೆಲ್ತಿದ್ವಿ ಅಂತ ನಾನ್ ಹೇಳಲ್ಲ, ಬಟ್ಟೆ, ಬೂಟು, ಗುಂಡು ಯಾವುದೂ ಸಾಕಷ್ಟು ಇರ್ಲಿಲ್ಲ. ಆದ್ರೆ ಪಕ್ಕದ ಪೋಸ್ಟ್ ಇದೆಯೋ ಬಿದ್ದಿದೆಯೋ ಗೊತ್ತಿಲ್ಲದೆ ಹೋರಾಡೋದು ಬೇರೇನೇ ನರಕ.

ಈಗ ಜಾಲಹಳ್ಳಿಗೆ ಬನ್ನಿ. ಸ್ವಾತಂತ್ರ್ಯ ಬಂದ್ರೂ ವೈರ್‌ಲೆಸ್ ಸೆಟ್‌ಗೆ ಹೊರದೇಶದ ಬಾಗಿಲು ಕಾಯೋ ಸ್ಥಿತಿ, ಅದಕ್ಕೇ 1954ರಲ್ಲಿ ಇಲ್ಲಿ ಸರ್ಕಾರದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹುಟ್ಟಿದ್ದು, ಫ್ರಾನ್ಸಿನ ಸಿಎಸ್ಎಫ್ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡು. 1956ರಿಂದ ಸೆಟ್‌ಗಳು ತಯಾರಾಗೋಕೆ ಶುರು, ಆಮೇಲೆ ವಾಲ್ವ್, ಟ್ರಾನ್ಸಿಸ್ಟರ್ ಎಲ್ಲ. ಅದೇ 1954ರಲ್ಲಿ ಸಿಗ್ನಲ್ಸ್ ದಳಕ್ಕೆ ಮೊದಲ ಭಾರತೀಯ ಮುಖ್ಯಸ್ಥ ಬಂದ್ರು, ಯಾರು ಗೊತ್ತಾ, ನಮ್ಮ ಕೊಡಗಿನವ್ರು, ಎ.ಸಿ. ಅಯ್ಯಪ್ಪ. ಮುಂದೆ ಬಿಇಎಲ್ ಚುಕ್ಕಾಣಿನೂ ಅವ್ರೇ ಹಿಡಿದ್ರು. ಸೆಟ್ ಬಳಸೋ ಸೈನ್ಯದಿಂದ ಬಂದ ಮನುಷ್ಯನೇ ಸೆಟ್ ಮಾಡೋ ಕಾರ್ಖಾನೆ ನಡೆಸಿದ್ದು, ಇವತ್ತಿನ ಸ್ಟಾರ್ಟಪ್‌ನವ್ರು ಸ್ಟೇಜ್ ಹತ್ತಿ ಗಂಟೆಗಟ್ಲೆ ಹೇಳೋದು ಇದನ್ನೇ ಅಲ್ವಾ?

ಕಾರ್ಯಪ್ಪ, ತಿಮ್ಮಯ್ಯ ಹೆಸರಲ್ಲಿ ರಸ್ತೆ, ಪ್ರತಿಮೆ ಎಲ್ಲ ಇದೆ, ಇರ್ಲೇಬೇಕು ಕೂಡ. ಆದ್ರೆ ಅಯ್ಯಪ್ಪ ಅವ್ರ ಹೆಸರು ಹೇಳಿದ್ರೆ ಬಿಇಎಲ್ ಸರ್ಕಲ್‌ನಲ್ಲಿ ದಿನಾ ಟ್ರಾಫಿಕ್‌ಲಿ ನಿಲ್ಲೋ ಇಂಜಿನಿಯರ್‌ಗಳಲ್ಲಿ ಎಷ್ಟು ಜನಕ್ಕೆ ಗೊತ್ತಾಗುತ್ತೆ?

ವಿದ್ಯಾರಣ್ಯಪುರ, ಜಾಲಹಳ್ಳಿ ಕಡೆ ಬಿಇಎಲ್‌ನಿಂದ ರಿಟೈರ್ ಆದ ತಾತಂದಿರು ಇನ್ನೂ ಇದಾರೆ, ನಿಮ್ಮನೆಲೂ ಇರ್ಬೋದು. ಯಾವ ಸೆಟ್ ಮೇಲೆ ಕೆಲಸ ಮಾಡಿದ್ರಿ, ಯಾವುದು ಫೇಲ್ ಆಗಿ ವಾಪಸ್ ಬರ್ತಿತ್ತು ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ನಂಗೆ ಕಳ್ಸಿ. ಕೆಲವ್ರು 'ಅದೆಲ್ಲ ಹೇಳಂಗಿಲ್ಲಪ್ಪ' ಅಂತ ಕಾಫಿ ಕೊಟ್ಟು ಸಾಗಹಾಕ್ತಾರೆ, ಬೇಜಾರ್ ಮಾಡ್ಕೋಬೇಡಿ, ಮುಂದಿನ ವಾರ ಮತ್ತೆ ಹೋಗಿ.